ಭಾನುವಾರ ವ್ಯಾಪಾರವಿಲ್ಲದ ಅಂಗಡಿ

ಕೆನಡಾದ ವಾಟರ್‌ಲೂ ಬ್ಲ್ಯಾಕ್‌ಬೆರಿ ಫೋನ್ ಹುಟ್ಟಿದ ಊರು. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳೂ ಇಲ್ಲಿವೆ. ನಮ್ಮ ಅಕ್ಕನದೂ ಒಂದು. ಆ ಊರಿನಿಂದ ಉತ್ತರಕ್ಕೆ ಹೊರಟು ಸೇಂಟ್ ಜೇಕಬ್ಸ್ ದಾಟಿದ ಮೇಲೆ ರಸ್ತೆಯಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಥದವರ ಕುದುರೆ ಗಾಡಿಗಳು ಕಾಣತೊಡಗುತ್ತವೆ. ಕಪ್ಪು ಗಾಡಿ, ಹಿಂಬದಿಗೆ ಕಿತ್ತಳೆ ಬಣ್ಣದ ತ್ರಿಕೋನ, ಒಳಗೆ ಕಪ್ಪು ಟೋಪಿಯ ಗಂಡಸು, ತಲೆಗೆ ಬಾನೆಟ್ ಕಟ್ಟಿದ ಹೆಂಗಸು. ಭಾವ ಕಾರಿನ ವೇಗ ಇಳಿಸಿ, ದೂರ ಬಿಟ್ಟು, ನಿಧಾನವಾಗಿ ಮುಂದೆ ಹೋದರು. ಕುದುರೆ ಬೆದರಬಾರದು ನೋಡಿ.

ಎಲ್ಮೈರಾ ಕಳೆದ ಮೇಲೆ ಹೊಲದ ಮನೆಗಳ ಮುಂದೆ ಕೈಬರಹದ ಬೋರ್ಡುಗಳು ಸಾಲುಸಾಲಾಗಿ ಬಂದವು. ಒಂದು ಕಡೆ ಮೊಟ್ಟೆ, ಇನ್ನೊಂದು ಕಡೆ ಮೇಪಲ್ ಸಿರಪ್, ಮತ್ತೊಂದು ಕಡೆ ಕೌದಿ. ಅನೇಕ ಬೋರ್ಡುಗಳ ಕೆಳಗೆ ಒಂದೇ ಸಾಲು: ಭಾನುವಾರ ಮಾರಾಟವಿಲ್ಲ. ಅಕ್ಕ ತಿಂಗಳ ಸಾಮಾನಿಗೆ ಬರುವ ಅಂಗಡಿ ಇಂಥದ್ದೇ ಒಂದು ಮನೆಗೆ ಅಂಟಿಕೊಂಡಿದೆ. ಒಂದು ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ, ಇನ್ನೊಂದು ಪಕ್ಕದಲ್ಲಿ ಕುದುರೆ ಕಟ್ಟುವ ಅಡ್ಡಗಂಬ.

ಮೆನೊನೈಟರ ಮೂಲ 16ನೇ ಶತಮಾನದ ಯುರೋಪಿನಲ್ಲಿದೆ. ಎಳೆಗೂಸಿಗೆ ದೀಕ್ಷಾಸ್ನಾನ ಬೇಡ, ತಿಳಿವಳಿಕೆ ಬಂದವರು ತಾವಾಗಿ ಒಪ್ಪಿ ಪಡೆಯಲಿ ಎಂದು 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ಹೊರಟರು. 1536ರಲ್ಲಿ ಪಾದ್ರಿಗಿರಿ ಬಿಟ್ಟು ಅವರ ಜೊತೆಗೂಡಿದ ಡಚ್ ಸೀಮೆಯ ಮೆನೊ ಸೈಮನ್ಸ್‌ನ ಹೆಸರೇ ಪಂಥಕ್ಕೆ ಉಳಿಯಿತು. ಆಯುಧ ಹಿಡಿಯುವುದಿಲ್ಲ ಎಂದದ್ದಕ್ಕೆ, ಚರ್ಚಿನ ಮಾತು ಮೀರಿದ್ದಕ್ಕೆ ಯುರೋಪು ಇವರನ್ನು ಸುಟ್ಟಿತು, ಮುಳುಗಿಸಿತು, ಓಡಿಸಿತು. ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದವರಲ್ಲಿ ಒಂದಷ್ಟು ಕುಟುಂಬಗಳು 1800ರ ಸುಮಾರಿಗೆ ಗಾಡಿ ಕಟ್ಟಿಕೊಂಡು ಇತ್ತ ಬಂದವು. ಕೊಂಡ ಜಮೀನು ಅಡಮಾನದಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ಪೆನ್ಸಿಲ್ವೇನಿಯಾದ ನೆಂಟರು ಹಣ ಕೂಡಿಸಿದರು. 1805ರಲ್ಲಿ 60,000 ಎಕರೆ ಇವರದಾಯಿತು. ಆ ನೆಲ ಅದಕ್ಕೂ ಮುಂಚೆ ಸಿಕ್ಸ್ ನೇಷನ್ಸ್ ಮೂಲನಿವಾಸಿಗಳಿಗೆಂದು ಬ್ರಿಟಿಷರು 1784ರಲ್ಲಿ ಬಿಟ್ಟುಕೊಟ್ಟಿದ್ದ ಗ್ರ್ಯಾಂಡ್ ನದೀತೀರದ ಭಾಗ. ಈ ಹಸಿರು ಹೊಲಗಳ ನಡುವೆ ಓಡಾಡುವಾಗ ಅದನ್ನೂ ನೆನಪಿಡಬೇಕು ಎಂದು ನನಗನಿಸುತ್ತದೆ.

ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಬರುವುದು ಹೊಗೆಯಾಡಿಸಿದ ಮಾಂಸದ ವಾಸನೆ, ಹಿಂದೆಯೇ ದಾಲ್ಚಿನ್ನಿ. ಗೋಡೆಯುದ್ದಕ್ಕೂ ಹಿಟ್ಟು, ಓಟ್ಸ್, ಒಣದ್ರಾಕ್ಷಿ, ಮಸಾಲೆ, ಎಲ್ಲವನ್ನೂ ಮನೆಯವರೇ ತೂಕ ಮಾಡಿ ಪಾರದರ್ಶಕ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಬಣ್ಣಬಣ್ಣದ ಡಬ್ಬಿ ಇಲ್ಲ, ಜಾಹೀರಾತಿಲ್ಲ. ಇನ್ನೊಂದು ಗೋಡೆಗೆ ಗಾಜಿನ ಬಾಟಲಿಗಳು: ಬೀಟ್‌ರೂಟ್ ಉಪ್ಪಿನಕಾಯಿ, ಗಂಟೆಗಟ್ಟಲೆ ಬೇಯಿಸಿ ಕಪ್ಪಾದ ಆಪಲ್ ಬಟರ್. ಅದರಲ್ಲಿ ಬೆಣ್ಣೆಯ ಹನಿಯೂ ಇಲ್ಲ, ಬರೀ ಸೇಬು.

ಮಾಂಸ, ಚೀಸು ಮಾರುವ ಡೆಲಿ ಕೌಂಟರಿನ ಹಿಂದೆ ಮನೆಯ ಯಜಮಾನ. ತೋಳುದ್ದದ ಸಮ್ಮರ್ ಸಾಸೇಜನ್ನು ಯಂತ್ರಕ್ಕೆ ಕೊಟ್ಟು, ಮೊದಲ ಹೋಳನ್ನು ಚಾಕುವಿನ ತುದಿಯಲ್ಲಿ ಎತ್ತಿ ನನಗೆ ಚಾಚಿದರು. ಗಾಢ ಕೆಂಪು, ನಡುನಡುವೆ ಬಿಳಿ ಚುಕ್ಕೆ. ಬಾಯಿಗಿಟ್ಟಾಗ ಮೊದಲು ಹೊಗೆ, ಆಮೇಲೆ ಹುಳಿ, ಕಡೆಗೆ ಮೆಣಸು. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲದ ಮಾಂಸ ಬೇಸಿಗೆಯವರೆಗೂ ಕೆಡದಿರಲಿ ಎಂದು ಉಪ್ಪು ಹಾಕಿ, ಹುಳಿ ಬರಿಸಿ, ಹೊಗೆ ಕೊಡುತ್ತಿದ್ದರು. ಮಾಂಸ ತಿನ್ನದ ಭಾವನಿಗೆ ಸಿಕ್ಕಿದ್ದು ಕುಕ್ಡ್ ಚೀಸ್. ಹಾಲು ಒಡೆಸಿ ನೀರು ಬಸಿದ ಗಟ್ಟಿಯನ್ನು ಹಣ್ಣಾಗಲು ಬಿಟ್ಟು, ಅಡುಗೆ ಸೋಡಾ ಮತ್ತು ಬೆಣ್ಣೆ ಹಾಕಿ ಕರಗಿಸಿದ್ದು. ಅಂಟಂಟು, ತುಸು ಘಾಟು. ಬ್ರೆಡ್ಡಿನ ಮೇಲೆ ಅದು, ಅದರ ಮೇಲೆ ಆಪಲ್ ಬಟರ್. ಈ ಜೋಡಿಗೆ ನಾನು ಸೋತುಹೋದೆ.

ಮೇಪಲ್ ಸಿರಪ್ ಇವರದೇ ತೋಟದ್ದು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚಿನ ದಿನಗಳಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ರಸ ಹಿಡಿಯುತ್ತಾರೆ. ನೀರಿನಂತಿರುವ ಅದನ್ನು 40 ಲೀಟರ್ ಕಾಯಿಸಿದರೆ ಸಿಗುವುದು ಸುಮಾರು ಒಂದು ಲೀಟರ್. ಮಂಡ್ಯ ಕಡೆಯ ಆಲೆಮನೆಯಲ್ಲಿ ಬೆಳೆದ ಅಕ್ಕನಿಗೆ ಕೊಪ್ಪರಿಗೆಯ ಮುಂದೆ ನಿಂತವರ ಕಷ್ಟ ಹೇಳಿಕೊಡಬೇಕಿಲ್ಲ. ಸಿರಪ್ಪಿನ ಬೆಲೆ ಕೇಳಿ ನಾನು ಹುಬ್ಬೇರಿಸಿದಾಗ, "ಸುಮ್ನೆ ತಗೋ, ಅಷ್ಟು ಸೌದೆ, ಅಷ್ಟು ನಿದ್ದೆ ಇದರಲ್ಲಿದೆ," ಎಂದಳು.

ಗಲ್ಲೆಯಲ್ಲಿ ಯಜಮಾನರ ಹೆಂಡತಿ, ಪೈ ಎಂಬ ತಿನಿಸುಗಳನ್ನು ಡಬ್ಬಿಗೆ ತುಂಬುತ್ತಿದ್ದ ಮಗಳು, ಖಾಲಿ ಕ್ರೇಟು ಎತ್ತಿಡುತ್ತಿದ್ದ ಏಳೆಂಟು ವರ್ಷದ ಹುಡುಗ. ನಮ್ಮ ಜೊತೆ ಇಂಗ್ಲಿಷ್; ತಮ್ಮತಮ್ಮಲ್ಲಿ ಪೆನ್ಸಿಲ್ವೇನಿಯಾ ಜರ್ಮನ್. ಊರು ಬಿಟ್ಟು, ಸಮುದ್ರ ದಾಟಿ, ಮತ್ತೊಂದು ದೇಶಕ್ಕೆ ಬಂದು ಇಷ್ಟೊಂದು ತಲೆಮಾರು ಕಳೆದರೂ ಆ ಹುಡುಗ ಅಪ್ಪನಿಗೆ ಅದರಲ್ಲೇ ಉತ್ತರ ಕೊಡುತ್ತಿದ್ದ. ಅಕ್ಕನ ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅವಳು ಆ ಹುಡುಗನನ್ನೇ ನೋಡುತ್ತಾ ನಿಂತಿದ್ದಳು. ಹೊರಗೆ ಬಂದಮೇಲೆ, "ಇವರು ಮನೆ, ಸ್ಕೂಲು, ಕೆಲಸ ಎಲ್ಲಾ ಒಂದೇ ಕಡೆ ಇಟ್ಕೊಂಡಿದಾರೆ ಕಣೋ, ನಮಗೆ ಅದಾಗಲ್ಲ," ಎಂದಳು. ನಿಜ. ಇವರ ಮಕ್ಕಳು ಪಂಥದವರೇ ನಡೆಸುವ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಓದಿ ಹೊಲಕ್ಕೋ ಅಂಗಡಿಗೋ ಇಳಿಯುತ್ತಾರೆ. ಆ ಬೆಲೆ ಕೊಡಲು ನಾನಂತೂ ಒಪ್ಪಲಾರೆ. ಆದರೂ ಅದರಿಂದ ಅವರಿಗೆ ಏನು ದಕ್ಕಿದೆ ಎಂಬುದು ಕಣ್ಣಮುಂದೆಯೇ ಇತ್ತು.

ಇಷ್ಟು ಗಿರಾಕಿ ಇರುವಾಗ ಪಟ್ಟಣದಲ್ಲೊಂದು ಅಂಗಡಿ ತೆರೆಯಬಾರದೇ ಎಂದು ಭಾವ ಯಜಮಾನರನ್ನು ಕೇಳಿದರು. ಅವರು ಸಾಸೇಜನ್ನು ಕಾಗದದಲ್ಲಿ ಸುತ್ತುತ್ತಲೇ, ಕುದುರೆಯಲ್ಲಿ ದಿನಾ ಅಷ್ಟು ದೂರ ಹೋಗಿ ಬರಲಾಗದು, ಆಳಿಟ್ಟರೆ ಮನೆಯವರ ಅಂಗಡಿಯಾಗಿ ಉಳಿಯದು ಎಂದರು. ಕರೆಂಟು, ಫೋನು ಈ ಹಳೆಯ ಕಟ್ಟಿನ ಮೆನೊನೈಟರ ಮನೆಗಳಲ್ಲಿವೆ. ಕಾರು, ಟೀವಿ, ಕಂಪ್ಯೂಟರು ಇಲ್ಲ. ಬಂದ ಪ್ರತಿಯೊಂದು ವಸ್ತುವನ್ನೂ ಇದು ನೆರೆಹೊರೆಯನ್ನು ಹತ್ತಿರ ಇಡುತ್ತದೋ ದೂರ ಮಾಡುತ್ತದೋ ಎಂದು ಕೂತು ಮಾತಾಡಿ ತೀರ್ಮಾನಿಸುವ ಜನ ಇವರು. ಆದ್ದರಿಂದ ಇವರನ್ನು ಕಾಲ ಮರೆತವರು ಎಂದು ಕರೆಯುವುದು ನನಗೆ ಸರಿಕಾಣುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಶನಿವಾರ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಪೈ ಮುಗಿದಿರುತ್ತದೆ. ನಗದು ಇಟ್ಟುಕೊಳ್ಳಿ. ಕ್ಯಾಮೆರಾ ಕಾರಿನಲ್ಲೇ ಬಿಡಿ. ಫೋಟೋ ತೆಗೆಸಿಕೊಳ್ಳುವುದು ಇವರಿಗೆ ಇಷ್ಟವಿಲ್ಲ. ಹತ್ತಿರದಲ್ಲೇ ವೆಸ್ಟ್ ಮಾಂಟ್ರೋಸ್‌ನಲ್ಲಿ 1881ರ, ಮೇಲೆ ಸೂರು ಹೊದಿಸಿದ ಮರದ ಸೇತುವೆಯಿದೆ. ಗ್ರ್ಯಾಂಡ್ ನದಿಯ ದಂಡೆಯಲ್ಲಿ ಕೂತು ಬ್ರೆಡ್ಡು ಬಿಚ್ಚಲು ಅದಕ್ಕಿಂತ ಒಳ್ಳೆಯ ಜಾಗ ನಮಗೆ ಸಿಗಲಿಲ್ಲ.