ಟ್ಯಾರೋ ಕೈಪಿಡಿಗೆ ಒರೆಗಲ್ಲಾದ ಸೆವೆನ್ ಆಫ್ ಪೆಂಟಕಲ್ಸ್

ಚಿತ್ರದ ಎಲೆಗಳನ್ನು ಹಾಸಿ ಅರ್ಥ ಓದುವ ಟ್ಯಾರೋ ಕಲಿಯಲು ಯಾವ ಕೈಪಿಡಿಯನ್ನು ನಂಬಬೇಕು ಎಂಬ, ಬಹಳ ಕಾಲದಿಂದ ಕಗ್ಗಂಟಾಗಿ ಕುಳಿತಿದ್ದ ಪ್ರಶ್ನೆ ಕೊನೆಗೂ ಬಗೆಹರಿದಿದೆ. ಎಲೆ ಕಲೆಸುವುದು, ದಿನಕ್ಕೊಂದು ಎಲೆ ತೆಗೆದು ಟಿಪ್ಪಣಿ ಬರೆಯುವುದು, ಮೂರೆಲೆಯ ಹಾಸು ಇವೆಲ್ಲ ಈ ಹವ್ಯಾಸದವರಿಗೆ ತಿಳಿದದ್ದೇ ಆದ್ದರಿಂದ, ನನ್ನನ್ನು ಸತಾಯಿಸಿದ ಒಂದೇ ತೊಡಕಿನ ಬಗ್ಗೆ ಈ ಸಲ ಬರೆಯುತ್ತೇನೆ. ನನ್ನ ಕೈಯಲ್ಲಿರುವುದು ರೈಡರ್-ವೇಟ್-ಸ್ಮಿತ್ ಎಂಬ ಎಲೆಗಳ ಕಟ್ಟು, ಮೇಜಿನ ಮೇಲೆ ಹರಡಿರುವುದು ಕೊಂಡವು, ಎರವಲು ತಂದವು ಸೇರಿ ಹಲವು ಕೈಪಿಡಿಗಳು. ಸೆವೆನ್ ಆಫ್ ಪೆಂಟಕಲ್ಸ್, ಅಂದರೆ ಏಳು ನಾಣ್ಯಗಳ ಎಲೆಯ ವಿಷಯಕ್ಕೆ ಬಂದರೆ ಅವುಗಳಲ್ಲಿ ಯಾವ ಎರಡಕ್ಕೂ ಹೊಂದಾಣಿಕೆಯಿಲ್ಲ. ಒಂದು ತಾಳ್ಮೆಯಿಂದಿರು ಎನ್ನುತ್ತದೆ, ಇನ್ನೊಂದು ವ್ಯಾಪಾರ ಎನ್ನುತ್ತದೆ, ಮತ್ತೊಂದು ಜಗಳ ಎನ್ನುತ್ತದೆ, ದಪ್ಪ ರಟ್ಟಿನ ಅತಿ ದುಬಾರಿ ಪುಸ್ತಕವಂತೂ ಸೋಲು ಎಂದು ಬರೆದು ಮುಂದಿನ ಎಲೆಗೆ ಹಾರಿಬಿಡುತ್ತದೆ.

ಎಲೆಯ ಚಿತ್ರ ಮಾತ್ರ ಬಲು ಸರಳ. ಒಬ್ಬ ಯುವಕ ಕೋಲಿನ ಮೇಲೆ ಭಾರ ಹಾಕಿ ನಿಂತು, ಎದುರಿನ ಪೊದೆಯಲ್ಲಿ ಕಾಯಿಗಳಂತೆ ಬಿಟ್ಟಿರುವ ನಾಣ್ಯಗಳನ್ನು ನೋಡುತ್ತಿದ್ದಾನೆ. ಆರು ಗಿಡದಲ್ಲಿವೆ, ಒಂದು ಅವನ ಕಾಲ ಬಳಿ ಇದೆ. ಅವನ ಮುಖದಲ್ಲಿ ಸಂತೋಷವಿದೆಯೋ ದಣಿವಿದೆಯೋ ಎಂಬುದನ್ನು ಚಿತ್ರ ಬಿಟ್ಟುಕೊಡುವುದಿಲ್ಲ.

ಗೊಂದಲದ ಬೇರು ಹಿಡಿಯಬೇಕಾದರೆ ಪುಸ್ತಕಗಳ ವಂಶಾವಳಿ ನೋಡಬೇಕು. 1888ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೋಲ್ಡನ್ ಡಾನ್ ಎಂಬ ಗೂಢವಿದ್ಯಾ ಸಂಘವು ಈ ಎಲೆಗೆ ವೃಷಭದಲ್ಲಿನ ಶನಿಯನ್ನು ಹೊಂದಿಸಿ, ಕೈಗೂಡದ ಯಶಸ್ಸು ಎಂಬರ್ಥದ ಬಿರುದನ್ನು ಕೊಟ್ಟಿತ್ತು. ನನ್ನ ಕಟ್ಟನ್ನು ರೂಪಿಸಿದ ಆರ್ಥರ್ ಎಡ್ವರ್ಡ್ ವೇಟ್, ಅದರ ಚಿತ್ರಗಾರ್ತಿ ಪಮೇಲಾ ಕೋಲ್ಮನ್ ಸ್ಮಿತ್, ಅಲಿಸ್ಟರ್ ಕ್ರೌಲಿ ಮೂವರೂ ಆ ಸಂಘದಲ್ಲಿ ಇದ್ದು ಬಂದವರೇ. ಕ್ರೌಲಿ ಮುಂದೆ ಫ್ರೀಡಾ ಹ್ಯಾರಿಸ್ ಅವರಿಂದ ಬರೆಸಿದ ಥೋತ್ ಎಂಬ ತನ್ನದೇ ಕಟ್ಟಿನಲ್ಲಿ ಆ ಬಿರುದನ್ನು ಇನ್ನಷ್ಟು ಬಿಗಿಗೊಳಿಸಿ ಸೋಲು ಎಂದೇ ಎಲೆಯ ಮೇಲೆ ಹೆಸರು ಹಾಕಿಸಿದ. ವೇಟ್ ದಾರಿ ಬೇರೆ. ಆತ ತನ್ನ 1911ರ ಕೈಪಿಡಿಯಲ್ಲಿ ಹಳೆಯ ಕಾಲಜ್ಞಾನದವರ ಅರ್ಥಗಳನ್ನು ರಾಶಿ ಹಾಕಿ, ಈ ಎಲೆಯ ಹತ್ತಿರ ಬಂದಾಗ ಇವು ವಿಪರೀತ ಪರಸ್ಪರ ವಿರುದ್ಧವಾಗಿವೆ ಎಂದು ತಾನೇ ಕೈಚೆಲ್ಲುತ್ತಾನೆ: ಮುಖ್ಯವಾಗಿ ಹಣ, ವ್ಯವಹಾರ, ವಿನಿಮಯ, ಒಂದು ಪಾಠದ ಪ್ರಕಾರ ವಾಗ್ವಾದ ಮತ್ತು ಜಗಳ, ಇನ್ನೊಂದರ ಪ್ರಕಾರ ಮುಗ್ಧತೆ. ತಾಳ್ಮೆ ಎಂಬುದು ಇಲ್ಲೆಲ್ಲೂ ಇಲ್ಲ. ಸ್ಮಿತ್ ಬರೆದ ಚಿತ್ರವನ್ನು ನೋಡಿ ನೋಡಿ ನಂತರದ ಲೇಖಕರು ಕಂಡುಕೊಂಡದ್ದು ಅದು. ಎಂದಮೇಲೆ ನನ್ನ ಮೇಜಿನ ಮೇಲಿದ್ದ ಪುಸ್ತಕಗಳು ತಪ್ಪು ಹೇಳುತ್ತಿರಲಿಲ್ಲ, ಯಾರ ಮಾತನ್ನು ಹೇಳುತ್ತಿದ್ದೇವೆ ಎಂಬುದನ್ನು ಮುಚ್ಚಿಡುತ್ತಿದ್ದವು. ಕಲಿಯುವವನಿಗೆ ಇದು ತಪ್ಪಿಗಿಂತ ದೊಡ್ಡ ಕಿರುಕುಳ.

ಗಂಟು ಬಿಚ್ಚಿದ್ದು ಗುಬ್ಬಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರ ಮಿತ್ರರಿಂದ. ಟ್ಯಾರೋ ಎಂದರೆ ಅವರಿಗೆ ಇಸ್ಪೀಟಿನ ದೊಡ್ಡಣ್ಣ, ಅಷ್ಟೇ. ಎಲೆಯನ್ನು ನೋಡಿದವರೇ, ಇವನು ಚೇಣಿಗೆ ಬಂದವನು, ಫಸಲು ಎಷ್ಟಾಗಬಹುದೆಂದು ಅಂದಾಜು ಹಾಕುತ್ತಿದ್ದಾನೆ ಎಂದುಬಿಟ್ಟರು. ತೋಟದ ಫಸಲನ್ನು ಮರದಲ್ಲಿರುವಾಗಲೇ ಒಪ್ಪಂದಕ್ಕೆ ಕೊಡುವ ಪದ್ಧತಿ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಚೇಣಿದಾರ ಗೊನೆಗಳನ್ನು ದಿಟ್ಟಿಸುತ್ತಾ ಮಾತಿಲ್ಲದೆ ನಿಲ್ಲುತ್ತಾನೆ, ಮುಂಗಡ ಕೊಡುತ್ತಾನೆ, ಕೊಯ್ಲಿನ ತನಕ ಕಾಯುತ್ತಾನೆ, ದರ ಬಿದ್ದರೆ ಅಥವಾ ಕೊಳೆ ಬಂದರೆ ತೋಟದವನಿಗೂ ಅವನಿಗೂ ಜಟಾಪಟಿ ನಡೆಯುತ್ತದೆ. ಹಣ, ವ್ಯವಹಾರ, ಕಾಯುವಿಕೆ, ಜಗಳ, ಕೈಗೂಡದ ಯಶಸ್ಸು ಎಲ್ಲವೂ ಒಂದೇ ನೋಟದೊಳಗೆ ಬಂದು ಕುಳಿತವು. ಎಲೆ ತಲೆಕೆಳಗಾಗಿ ಬಂದರೆ ಸಾಲವಾಗಿ ಕೊಡಬೇಕೆಂದಿರುವ ಹಣದ ಬಗ್ಗೆ ಆತಂಕ ಎಂದು ವೇಟ್ ಬರೆದಿರುವುದನ್ನು ಓದಿ ಹೇಳಿದಾಗ, ಮಿತ್ರರು ತಮ್ಮ ಬಾಕಿದಾರರ ಪಟ್ಟಿಯನ್ನೇ ಬಿಚ್ಚಿದ್ದರಿಂದ ಆ ಸಂಜೆಯ ಅಭ್ಯಾಸ ಅಲ್ಲಿಗೆ ನಿಂತಿತು.

ಅಂದಿನಿಂದ ಕೈಪಿಡಿ ಆರಿಸುವ ನನ್ನ ವಿಧಾನ ಬದಲಾಗಿದೆ. ಹೊಸ ಪುಸ್ತಕ ಸಿಕ್ಕರೆ ಮುನ್ನುಡಿ, ಲೇಖಕರ ಅನುಭವ, ಬೆನ್ನುಡಿಯ ಹೊಗಳಿಕೆ ಯಾವುದನ್ನೂ ಓದದೆ ನೇರವಾಗಿ ಸೆವೆನ್ ಆಫ್ ಪೆಂಟಕಲ್ಸ್ ಪುಟ ತೆರೆಯುತ್ತೇನೆ. ಯುವಕ, ಕೋಲು, ಕೆಳಗೆ ಬಿದ್ದ ಒಂದು ನಾಣ್ಯ ಇವುಗಳ ಪ್ರಸ್ತಾಪವಿಲ್ಲದೆ ಪದಗಳ ಪಟ್ಟಿ ಮಾತ್ರವಿದ್ದರೆ ಪುಸ್ತಕ ಕೆಳಗಿಡುತ್ತೇನೆ. ಚಿತ್ರದಿಂದ ಅರ್ಥಕ್ಕೆ ಹೋಗುವ ದಾರಿಯನ್ನು ಲೇಖಕರು ನಡೆದು ತೋರಿಸಿದ್ದರೆ, ಮತ್ತು ಬೇರೆ ಪರಂಪರೆಯಲ್ಲಿ ಬೇರೆ ಅರ್ಥವಿದೆ ಎಂದು ಒಂದು ಸಾಲಾದರೂ ಹೇಳಿದ್ದರೆ, ಆಗ ಮಾತ್ರ ಬೆಲೆ ನೋಡುತ್ತೇನೆ. ಎಲೆಗಳು ಪ್ರಾಚೀನ ಈಜಿಪ್ಟಿನಿಂದ ಬಂದವು ಎಂದು ಗಂಭೀರವಾಗಿ ಸಾರುವ ಅಧ್ಯಾಯವಿದ್ದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಆ ಕಥೆಯನ್ನು 1781ರಲ್ಲಿ ಫ್ರಾನ್ಸಿನ ಲೇಖಕ ಕೂರ್ ದ ಜೆಬ್ಲಿನ್ ಹಬ್ಬಿಸಿದಾಗ ಈಜಿಪ್ಟಿನ ಲಿಪಿಯನ್ನು ಓದಬಲ್ಲವರೇ ಇರಲಿಲ್ಲ, ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಅದೂ ಆಟಕ್ಕಾಗಿ.

ಪುಟಗಳ ಹಂಚಿಕೆಯನ್ನೂ ಗಮನಿಸಬೇಕು. ಅನೇಕ ಕೈಪಿಡಿಗಳು ಮೇಜರ್ ಅರ್ಕಾನಾ ಎಂಬ ಹಿರಿಯ ಗುಂಪಿನ 22 ಎಲೆಗಳಿಗೆ ಮುಕ್ಕಾಲು ಪುಸ್ತಕ ಮೀಸಲಿಟ್ಟು, ಉಳಿದ 56ಕ್ಕೆ ತಲಾ ನಾಲ್ಕು ಸಾಲು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಕೆಲ್ಟಿಕ್ ಕ್ರಾಸ್ ಎಂಬ ಹತ್ತೆಲೆಯ ಹಾಸು ಹಾಸಿದರೆ ಸರಾಸರಿ ಏಳು ಎಲೆಗಳು ಆ 56ರಿಂದಲೇ ಬರುತ್ತವೆ ಎಂಬ ಲೆಕ್ಕ ಅವರಿಗೆ ಹೊಳೆಯದೇ ಹೋಯಿತೇ?

ಮಾರಾಟಗಾರರ ವಿಷಯ ಹೇಳದಿದ್ದರೆ ಹೊಟ್ಟೆಯುಬ್ಬರ ಇಳಿಯದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಬರವಿಲ್ಲ, ಟ್ಯಾರೋ ಕೇಳಿದರೆ ಹಸ್ತಸಾಮುದ್ರಿಕದ ಪುಸ್ತಕ ಕೈಗಿಡುತ್ತಾರೆ. ಹೀಗಾಗಿ ಆನ್‌ಲೈನ್ ಖರೀದಿಯೇ ಗತಿ. ಪುಸ್ತಕ ಸಹಿತ ಕಟ್ಟು ಎಂದು ಜಾಹೀರಾತು ಹಾಕಿದ್ದ ಒಬ್ಬ ಮಾರಾಟಗಾರ ಕಳಿಸಿದ ಕಿರುಹೊತ್ತಗೆಯಲ್ಲಿ ಸ್ಟ್ರೆಂತ್ ಎಲೆಯ ಸಂಖ್ಯೆ 11, ಜಸ್ಟಿಸ್ ಎಲೆಯದು 8 ಎಂದಿತ್ತು, ಎಲೆಗಳ ಮೇಲೆ ಅದು ತಿರುವುಮುರುವಾಗಿತ್ತು. ಮಾರ್ಸೇ ಎಂಬ ಹಳೆಯ ಫ್ರೆಂಚ್ ಕಟ್ಟಿನ ಈ ಕ್ರಮವನ್ನು ಗೋಲ್ಡನ್ ಡಾನ್ ಅದಲುಬದಲು ಮಾಡಿತ್ತು, ವೇಟ್ ಅದನ್ನೇ ತನ್ನ ಕಟ್ಟಿಗೆ ತಂದ. ಅಂದರೆ ಆ ಮಹನೀಯ ಒಂದು ಕಟ್ಟಿನ ಹೊತ್ತಗೆಯನ್ನು ಇನ್ನೊಂದರ ಡಬ್ಬಿಗೆ ತುರುಕಿದ್ದಾನೆ. ಇನ್ನೊಬ್ಬರದು ಇದಕ್ಕಿಂತ ಮೇಲು. ವೇಟ್ ತೀರಿಕೊಂಡದ್ದು 1942ರಲ್ಲಿ, ನಮ್ಮ ಕಾನೂನಿನ ಪ್ರಕಾರ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದರಿಂದ ಆತನ ಕೈಪಿಡಿಯನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಿದ್ದಾರೆ. ಹೆಸರಿನಲ್ಲೇ ಪಿಕ್ಟೋರಿಯಲ್ ಎಂದಿರುವ ಆ ಪುಸ್ತಕದ ಒಂದು ಪ್ರತಿ ನನಗೆ ಒಂದೇ ಒಂದು ಚಿತ್ರವಿಲ್ಲದೆ ಬಂದು ತಲುಪಿತು. ಕೇಳಿದರೆ, ಬರಹವೆಲ್ಲ ಪೂರ್ತಿ ಇದೆಯಲ್ಲ ಸರ್ ಎಂಬ ಉತ್ತರ.

ಈ ಗಲಾಟೆಯ ನಡುವೆ ಮುಂದಿನ ಕೆಲಸವೂ ನಿಶ್ಚಯವಾಗಿದೆ. ಎಲೆಯ ಚಿತ್ರವನ್ನು ಓದುವುದೇ ಮುಖ್ಯವಾದ ಮೇಲೆ ನಮ್ಮ ಮೈಸೂರಿನ ಚಿತ್ರದೆಲೆಯಾಟವಾದ ಗಂಜೀಫಾವನ್ನು ಬಿಡುವುದುಂಟೇ? ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಎಲೆಯಾಟಗಳನ್ನೇ ರೂಪಿಸಿದವರು. ನಾನು ಆರಂಭಿಸುವುದು ದಶಾವತಾರ ಗಂಜೀಫಾದಿಂದ: ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ದುಂಡೆಲೆಗಳು. ಬಟ್ಟೆಯ ಪದರಗಳಿಗೆ ಹುಣಸೆ ಬೀಜದ ಅಂಟು ಹಾಕಿ ಗಟ್ಟಿಮಾಡುವ ಹಳೆಯ ವಿಧಾನವನ್ನೇ ಪ್ರಯತ್ನಿಸಬೇಕೆಂದಿದ್ದೇನೆ. ಹುಣಸೆಯ ಮಾರುಕಟ್ಟೆಗೆ ಹೆಸರಾದ ತುಮಕೂರಿನಲ್ಲಿ ಬೀಜಕ್ಕಂತೂ ಯಾವ ಆನ್‌ಲೈನ್ ಮಾರಾಟಗಾರನ ಹಂಗೂ ಬೇಕಿಲ್ಲ.

ಸದ್ಯಕ್ಕೆ ಒರೆಗಲ್ಲಿಗೆ ನಿಂತ ಒಂದು ಕೈಪಿಡಿ ಮೇಜಿನ ಮೇಲೆ ಉಳಿದಿದೆ, ವೇಟ್ ಪುಸ್ತಕವನ್ನು ಪಕ್ಕದಲ್ಲಿ ಆಕರವಾಗಿ ಇಟ್ಟುಕೊಂಡಿದ್ದೇನೆ, ಥೋತ್ ಪರಂಪರೆಯವನ್ನು ಆ ಕಟ್ಟು ಕೊಳ್ಳುವ ತನಕ ಅಟ್ಟಕ್ಕೇರಿಸಿದ್ದೇನೆ. ಇನ್ನು ಬಾಕಿಯಿರುವುದು 16 ಕೋರ್ಟ್ ಎಲೆಗಳು. ಅವುಗಳಲ್ಲಿ ರಾಜ, ರಾಣಿ, ಸವಾರ ಸುಮ್ಮನೆ ಕುಳಿತಿರುತ್ತಾರೆ ಅಥವಾ ಕುದುರೆಯ ಮೇಲಿರುತ್ತಾರೆ. ಚೇಣಿದಾರನಂತೆ ಯಾವ ವ್ಯವಹಾರದಲ್ಲೂ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಅವುಗಳಿಗೆ ಬೇರೆಯದೇ ಒರೆಗಲ್ಲು ಬೇಕು, ಮೊದಲ ಉಮೇದುವಾರನಾಗಿ ನೈಟ್ ಆಫ್ ಪೆಂಟಕಲ್ಸ್‌ನನ್ನು ಆರಿಸಿದ್ದೇನೆ: ನಾಲ್ವರು ಸವಾರರಲ್ಲಿ ಅವನ ಕುದುರೆಯೊಂದೇ ಹೆಜ್ಜೆ ಎತ್ತದೆ ನಿಂತಿದೆ, ಅದೇಕೆಂದು ಪುಸ್ತಕಗಳು ಏನು ಹೇಳುತ್ತವೆ ನೋಡಬೇಕು.