ಬೇಸ್ ಗಿಟಾರ್ ಮತ್ತು ಆ ಭಾನುವಾರ

ಮೂರು ತಿಂಗಳಿಂದ ಮನೇಲಿ ಒಬ್ನೇ ಕೂತು ಬೇಸ್ ಗಿಟಾರ್ ಕಲೀತಾ ಇದ್ದೆ. ಕೆಳಗಡೆ ಓನರ್ ಮನೆ, ಅಲ್ಲಿ ವಯಸ್ಸಾದ ಅಜ್ಜಿ ಇದಾರೆ, ಹಾಗಾಗಿ ಯಾವಾಗ್ಲೂ ಆಂಪ್‌ಗೆ ಹೆಡ್‌ಫೋನ್ ಚುಚ್ಚಿ, ವಾಲ್ಯೂಮ್ ಕಮ್ಮಿ ಇಟ್ಟು, ಟಿಕ್ ಟಿಕ್ ಅಂತ ಲಯ ಕೊಡೋ ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ ಹಾಕ್ಕೊಂಡು ಪ್ರಾಕ್ಟೀಸ್. ಶುರುವಿನಲ್ಲಿ ಬೆರಳ ತುದಿ ಬೊಬ್ಬೆ ಬಂದು, ಒಡೆದು, ಆಮೇಲೆ ಗಟ್ಟಿಯಾಯ್ತು. ಗಿಟಾರ್ ಕತ್ತು ಉದ್ದ, ತಂತಿ ದಪ್ಪ, ಎಡಗೈ ಕಿರುಬೆರಳಿಗೆ ಅಲ್ಲೀವರೆಗೂ ಅಷ್ಟು ಕೆಲ್ಸ ಯಾರೂ ಕೊಟ್ಟಿರ್ಲಿಲ್ಲ. ಕತ್ತಿನ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿಗೆ ಫ್ರೆಟ್ ಅಂತಾರೆ, ಎರಡು ಫ್ರೆಟ್ ಮಧ್ಯ ಒತ್ತಿದ್ರೆ ಜರ್ ಅನ್ನುತ್ತೆ, ಫ್ರೆಟ್ಟಿನ ಪಕ್ಕದಲ್ಲೇ ಹಿಂದೆ ಒತ್ತಿದ್ರೆ ಕಮ್ಮಿ ಜೋರಲ್ಲೇ ಸ್ವರ ಚೊಕ್ಕ ಬರುತ್ತೆ ಅಂತ ಗೊತ್ತಾದ್ಮೇಲೆ ಮಣಿಕಟ್ಟಿನ ನೋವೂ ಇಳೀತು.

ಹಾಗಿರ್ಬೇಕಾದ್ರೆ ಡ್ರಮ್ಸ್ ನುಡಿಸೋ ಗೆಳೆಯ ಒಂದು ಭಾನುವಾರ ಜಾಮ್ ರೂಮ್‌ಗೆ ಕರ್ಕೊಂಡು ಹೋದ. ಮೂರೇ ಸ್ವರ ಸಾಕು ಅಂದ, ಎ, ಡಿ, ಇ. ದಪ್ಪ ತಂತಿ ಐದನೇ ಫ್ರೆಟ್‌ನಲ್ಲಿ ಎ, ಅದರ ಪಕ್ಕದ ತಂತೀಲಿ ಐದರಲ್ಲಿ ಡಿ, ಏಳರಲ್ಲಿ ಇ. ದಿನಾ ನುಡಿಸ್ತಾ ಇದ್ದಿದ್ದೇ, ಆದ್ರೆ ಅಲ್ಲಿನ ದೊಡ್ಡ ಆಂಪ್‌ನಲ್ಲಿ ಬಂದ ಸದ್ದು ಪೂರ್ತಿ ಕಲಸುಮೇಲೋಗರ. ಕಾಲಲ್ಲಿ ಬಾರಿಸೋ ದೊಡ್ಡ ಕಿಕ್ ಡ್ರಮ್ ಎಲ್ಲಿ ಬೀಳ್ತಿದೆ ಅನ್ನೋದೇ ಕೇಳಿಸ್ತಿಲ್ಲ.

ಅವ್ನು ಕಡ್ಡಿ ಕೆಳಗಿಟ್ಟು ಹತ್ರ ಬಂದ. "ಮಗಾ, ಸ್ವರ ಎಲ್ಲಾ ಸರಿ ಇದೆ, ಒಂದನ್ನೂ ನಿಲ್ಲಿಸ್ತಾ ಇಲ್ಲ ನೀನು" ಅಂದ. ನಂಗೆ ಅರ್ಥ ಆಗ್ಲಿಲ್ಲ, ಬೆರಳು ಸಡಿಲ ಮಾಡ್ತಾನೇ ಇದೀನಲ್ಲ ಅಂದೆ. ಎ ಮೀಟಿ ಆ ಪಕ್ಕದ ತಂತಿ ನೋಡು ಅಂದ.

ಮೀಟಿ ನೋಡಿದೆ. ನಾನು ಮುಟ್ಟೇ ಇಲ್ಲದ ಪಕ್ಕದ ತಂತಿ ಸಣ್ಣಗೆ ನಡುಗ್ತಾ ಇದೆ, ಅಂಚು ಮಸುಕಾಗಿ ಎರಡೆರಡು ಗೆರೆ ಥರ ಕಾಣುತ್ತೆ! ದಪ್ಪ ತಂತಿಯ ಐದನೇ ಫ್ರೆಟ್ಟೂ ಪಕ್ಕದ ಖಾಲಿ ತಂತಿಯೂ ಒಂದೇ ಸ್ವರ, ಎರಡೂ 55 ಹರ್ಟ್ಸ್, ಅದಕ್ಕೇ ಒಂದು ಅಲುಗಾಡಿದ್ರೆ ಇನ್ನೊಂದೂ ತಾನೇ ಎದ್ದುಬಿಡುತ್ತೆ. ನಾನು ಎ ನಿಲ್ಲಿಸಿದ್ರೂ ಅದು ಹಾಡ್ತಾನೇ ಇತ್ತು.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಬೇಸ್, 1951ರಲ್ಲಿ ಲಿಯೋ ಫೆಂಡರ್ ಕಂಪನಿ ತಂದ ಪ್ರಿಸಿಷನ್ ಬೇಸ್ ಇದ್ಯಲ್ಲಾ, ಅದರದ್ದೇ ವಿನ್ಯಾಸ. ಅದಕ್ಕೆ ಆ ಹೆಸರು ಬಂದಿದ್ದೇ ಫ್ರೆಟ್ ಇರೋದ್ರಿಂದ, ನಿಂತು ನುಡಿಸೋ ದೊಡ್ಡ ಡಬಲ್ ಬೇಸ್‌ಗೆ ಫ್ರೆಟ್ ಇಲ್ಲ, ಸ್ವರಸ್ಥಾನ ಬೆರಳೇ ಹುಡುಕ್ಬೇಕು. ಸ್ವರ ಜಾರದ ಹಾಗೆ ಫ್ರೆಟ್ ನೋಡ್ಕೊಳ್ಳುತ್ತೆ, ಎಷ್ಟು ಹೊತ್ತು ಇರ್ಬೇಕು ಅನ್ನೋದು ಮಾತ್ರ ಪೂರ್ತಿ ನಮ್ಮ ಕೈಲಿ.

ಆಮೇಲೆ ಒಂದು ಗಂಟೆ ಅದೇ ಕೆಲ್ಸ. ದಪ್ಪ ತಂತೀಲಿ ಎ ಒತ್ತುವಾಗ ತೋರುಬೆರಳನ್ನ ಸ್ವಲ್ಪ ಮಲಗಿಸಿ ಉಳಿದ ಮೂರು ತಂತಿಗೆ ಹಗುರಾಗಿ ತಾಗಿಸೋದು, ಡಿಗೆ ಹೋದ ತಕ್ಷಣ ಬಲಗೈ ಹೆಬ್ಬೆರಳನ್ನ ಪಿಕಪ್ (ತಂತಿ ಕೆಳಗೆ ಸದ್ದು ಹಿಡಿಯೋ ಭಾಗ) ಮೇಲಿಂದ ಇಳಿಸಿ ದಪ್ಪ ತಂತಿ ಮೇಲೆ ಇಡೋದು, ವಾಪಸ್ ಎಗೆ ಬರುವಾಗ ಮತ್ತೆ ಹೆಬ್ಬೆರಳು ಪಿಕಪ್‌ಗೆ. ಹೆಬ್ಬೆರಳ ಮೇಲೆ ಗಮನ ಇಟ್ರೆ ತಾಳ ಹೋಗುತ್ತೆ, ತಾಳ ಹಿಡಿದ್ರೆ ಹೆಬ್ಬೆರಳು ಮರೆತು ಹೋಗುತ್ತೆ. ಅವ್ನು ಬೇಜಾರು ಮಾಡ್ಕೊಳ್ಳದೆ ಕಿಕ್ಕು, ಕಡ್ಡೀಲಿ ಬಾರಿಸೋ ಸ್ನೇರ್ ಡ್ರಮ್ಮು ಅಷ್ಟೇ ನಿಧಾನಕ್ಕೆ ಬಾರಿಸ್ತಾ ಕೂತಿದ್ದ, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ.

ಎಷ್ಟನೇ ಸಲವೋ ಗೊತ್ತಿಲ್ಲ, ಕಿಕ್ ಜೊತೆ ಎ ಶುರುವಾಯ್ತು, ಸ್ನೇರ್ ಬೀಳೋಕೆ ಸರಿಯಾಗಿ ನಿಂತೋಯ್ತು. ಆ ಖಾಲಿ ಜಾಗದಲ್ಲಿ ಸ್ನೇರ್ ಟಪ್ ಅಂತ ಒಂದೇ ಕೇಳಿಸ್ತು. ಮೈ ಜುಮ್ ಅಂತು ನಂಗೆ. ಅವ್ನು ಏನೂ ಹೇಳ್ಲಿಲ್ಲ, ತಲೆ ಆಡಿಸ್ತಾ ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಸೇರಿಸ್ಕೊಂಡ. ಟೈಮ್ ಮುಗೀತು ಅಂತ ಹೊರಗಡೆಯಿಂದ ಬಾಗಿಲು ಬಡಿದಾಗ ಇನ್ನರ್ಧ ಗಂಟೆ ಇರ್ತೀವಿ ಅಂತ ಇಬ್ರೂ ಒಟ್ಟಿಗೇ ಕೂಗಿದ್ವಿ.