ಮೇಲೆ ಹಾದುಹೋಗುವ ವಿಮಾನ ಯಾರಿಗೆ ದುಡ್ಡು ಕಟ್ಟುತ್ತದೆ?

ಸಾಗರದಲ್ಲಿ ಮನೆಯಲ್ಲೇ ಕೂತು ನಾನು ಮಾಡುವ ಕೆಲಸ ಏನು ಅಂತ ಕೇಳುವವರು ತುಂಬಾ ಜನ ಇದ್ದಾರೆ. ಖಾಸಗಿ ಜೆಟ್‌ಗಳು ದೇಶದಿಂದ ದೇಶಕ್ಕೆ ಹಾರುವಾಗ ದಾರಿಯಲ್ಲಿ ಸಿಗುವ ಹೆಚ್ಚುಕಮ್ಮಿ ಎಲ್ಲ ದೇಶಗಳಿಗೂ ಓವರ್‌ಫ್ಲೈಟ್ ಚಾರ್ಜ್ ಕಟ್ಟಬೇಕಾಗುತ್ತದೆ. ಅಲ್ಲಿ ಇಳಿಯೋದಿಲ್ಲ, ಹತ್ತೋದಿಲ್ಲ, ಸುಮ್ನೆ ಮೇಲಿಂದ ದಾಟಿ ಹೋಗೋದಷ್ಟೇ. ಆದರೂ ಬಿಲ್ ಬರುತ್ತದೆ. ಆ ಬಿಲ್ಲುಗಳು ಸರಿ ಇವೆಯಾ ಅಂತ ನೋಡಿ ಪಾಸ್ ಮಾಡೋದು ನನ್ನ ಕೆಲಸ.

‘ಎಂತ ಮಾರಾಯ, ಆಕಾಶಕ್ಕೂ ಟೋಲಾ?’ ಅಂತ ನಮ್ಮ ಭಾವ ಕೇಳಿದರು. ಒಳ್ಳೇ ಪ್ರಶ್ನೆಯೇ. ಊಟದ ಎಲೆ ಮುಂದೆ ಕೂತು ಪೂರ್ತಿ ಹೇಳೋಕೆ ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

1944ರಲ್ಲಿ ಶಿಕಾಗೋದಲ್ಲಿ ಒಂದು ಒಪ್ಪಂದ ಆಯಿತು. ಇವತ್ತಿಗೂ ಪ್ರಪಂಚದ ವಿಮಾನಯಾನ ನಿಂತಿರೋದು ಅದರ ಮೇಲೆ. ಅದರ ಮೊದಲನೇ ಕಲಮು ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ತಿ ಹಕ್ಕಿದೆ ಅನ್ನುತ್ತದೆ. ಆದರೆ ಅದೇ ಒಪ್ಪಂದದ 15ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಬರೀ ದಾಟಿ ಹೋಗುವ ಹಕ್ಕಿಗೆ ಅಂತ ಯಾವ ದೇಶವೂ ದುಡ್ಡು ಕೇಳಬಾರದು. ಮಾಡಿಕೊಟ್ಟ ಕೆಲಸಕ್ಕೆ ಕೇಳಬಹುದು. ರೇಡಾರಿನಲ್ಲಿ ನೋಡೋದು, ರೇಡಿಯೋದಲ್ಲಿ ಮಾತಾಡೋದು, ಎರಡು ವಿಮಾನ ಹತ್ತಿರ ಬರದ ಹಾಗೆ ಎತ್ತರ ಬದಲಿಸಿ ಕೊಡೋದು, ಹವಾಮಾನ ತಿಳಿಸೋದು, ಇದೆಲ್ಲ ಕೆಲಸ. ಸಿಗಂದೂರಿಗೆ ಸೇತುವೆ ಆಗುವ ಮುಂಚೆ ಹೊಳೆಬಾಗಿಲಲ್ಲಿ ಲಾಂಚಿಗೆ ಕೊಡುತ್ತಿದ್ದ ದುಡ್ಡು ನೆನಪಿದೆಯಲ್ವಾ? ಅದು ಶರಾವತಿ ಹಿನ್ನೀರಿನ ಬೆಲೆ ಆಗಿರಲಿಲ್ಲ, ದಾಟಿಸಿದ್ದರ ಕೂಲಿ. ಓವರ್‌ಫ್ಲೈಟ್ ಚಾರ್ಜ್ ಕೂಡ ಹಾಗೇ ಇರಬೇಕು ಅನ್ನೋದು 15ನೇ ಕಲಮಿನ ಆಸೆ. ನನ್ನದೂ ಅದೇ.

ಲೆಕ್ಕ ಹೇಗೆ ಹಾಕುತ್ತಾರೆ ಅಂತ ಹೇಳುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟವಾದ ಭಾಗ ಇದು.

ಯುರೋಪಿನಲ್ಲಿ ಯೂರೊಕಂಟ್ರೋಲ್ ಅನ್ನುವ ಸಂಸ್ಥೆ ಸುಮಾರು ನಲವತ್ತು ದೇಶಗಳ ಪರವಾಗಿ ವಸೂಲಿ ಮಾಡುತ್ತದೆ. ಮೂರು ಅಂಕಿಗಳನ್ನು ಗುಣಿಸುತ್ತಾರೆ. ಮೊದಲನೆಯದು ದೂರ: ಆ ದೇಶದ ಆಕಾಶದಲ್ಲಿ ಹೋದ ಕಿಲೋಮೀಟರನ್ನು 100ರಿಂದ ಭಾಗಿಸಿದ್ದು. ಎರಡನೆಯದು ತೂಕ: ವಿಮಾನ ಟೇಕಾಫ್ ಆಗಬಹುದಾದ ಗರಿಷ್ಠ ತೂಕವನ್ನು 50ರಿಂದ ಭಾಗಿಸಿ ಅದರ ವರ್ಗಮೂಲ. ಮೂರನೆಯದು ಆ ದೇಶದ ದರ. ಒಂದು ದೇಶದ ಮೇಲೆ 800 ಕಿಲೋಮೀಟರ್ ಹೋಯಿತು, ಲೆಕ್ಕಕ್ಕೆ ದರ 60 ಯೂರೊ ಅಂತ ಇಟ್ಟುಕೊಳ್ಳಿ. 254 ಟನ್ನಿನ ದೊಡ್ಡ ಬೋಯಿಂಗ್ 787ಕ್ಕೆ ಸುಮಾರು 1080 ಯೂರೊ ಆಗುತ್ತದೆ. 9 ಟನ್ನಿನ ಪುಟ್ಟ ಜೆಟ್ಟಿಗೆ ಸುಮಾರು 204. ತೂಕ 28 ಪಟ್ಟು, ಬಿಲ್ ಮಾತ್ರ ಐದು ಪಟ್ಟು ಚಿಲ್ಲರೆ. ಅದಕ್ಕೇ ವರ್ಗಮೂಲ ಹಾಕಿದ್ದು. ರೇಡಾರ್ ಮುಂದೆ ಕೂತ ಕಂಟ್ರೋಲರಿಗೆ ದೊಡ್ಡ ವಿಮಾನವೂ ಒಂದೇ, ಚಿಕ್ಕದೂ ಒಂದೇ, ಪರದೆ ಮೇಲೆ ಒಂದು ಚುಕ್ಕಿ. ಆದರೆ ಮುನ್ನೂರು ಜನರನ್ನು ಹೊತ್ತು ಸಂಪಾದಿಸುವ ವಿಮಾನ ಸ್ವಲ್ಪ ಜಾಸ್ತಿ ಕೊಡಲಿ ಅನ್ನೋದೂ ನ್ಯಾಯವೇ. ಎರಡನ್ನೂ ಒಂದು ವರ್ಗಮೂಲದಲ್ಲಿ ತೂಗಿಸಿದ್ದಾರೆ.

ಅಮೆರಿಕದವರು ತೂಕ ನೋಡೋದೇ ಇಲ್ಲ. ಅಲ್ಲಿ ಹತ್ತದೆ ಇಳಿಯದೆ ಬರೀ ದಾಟಿ ಹೋದರೆ ಮಾತ್ರ ಚಾರ್ಜ್, 100 ನಾಟಿಕಲ್ ಮೈಲಿಗೆ ಇಷ್ಟು ಅಂತ. ನೆಲದ ಮೇಲಿನ ದರಕ್ಕಿಂತ ಸಮುದ್ರದ ಮೇಲಿನ ದರ ಅರ್ಧಕ್ಕೂ ಕಡಿಮೆ.

ಯುರೋಪಿನಲ್ಲಿ ಮೊದಲು ಒಂದು ಆಟ ನಡೀತಿತ್ತು. 2019ರವರೆಗೆ ದೂರದ ಲೆಕ್ಕ ಹಾಕುತ್ತಿದ್ದದ್ದು ಹಾರುವ ಮುಂಚೆ ಫ್ಲೈಟ್ ಪ್ಲಾನ್‌ನಲ್ಲಿ ಬರೆದುಕೊಟ್ಟ ದಾರಿಯ ಮೇಲೆ. ದರ ಕಡಿಮೆ ಇರುವ ದೇಶದ ಮೇಲೆ ಹೋಗುತ್ತೇವೆ ಅಂತ ಬರೆದುಕೊಟ್ಟು, ಹಾರುವಾಗ ಬೇರೆ ದೇಶದ ಕಂಟ್ರೋಲರ್ ಹತ್ತಿರ ನೇರ ದಾರಿ ಕೇಳಿಕೊಂಡು ಹೋದರೂ ಬಿಲ್ ಪ್ಲಾನ್ ಪ್ರಕಾರವೇ ಬರುತ್ತಿತ್ತು. 2020ರ ಜನವರಿಯಿಂದ ನಿಜವಾಗಿ ಹಾರಿದ ದಾರಿಗೆ ಬಿಲ್ ಮಾಡುತ್ತಾರೆ. ಕೆಲಸ ಮಾಡಿದವರಿಗೇ ದುಡ್ಡು ಸೇರಬೇಕಲ್ವಾ, ಸರಿಯಾದ ಬದಲಾವಣೆ.

ಎಲ್ಲರೂ ಯೂರೊಕಂಟ್ರೋಲ್‌ನಷ್ಟು ಅಚ್ಚುಕಟ್ಟಲ್ಲ. ಒಂದು ದೇಶದ ಕಚೇರಿಯಿಂದ ಬಂದ ಇನ್‌ವಾಯ್ಸ್ ನೋಡಿ: ವಿಮಾನದ ನೋಂದಣಿ ಅಕ್ಷರಗಳು, ತಾರೀಕು, ಒಳಗೆ ಬಂದ ಪಾಯಿಂಟು, ಹೊರಗೆ ಹೋದ ಪಾಯಿಂಟು, ಎರಡಕ್ಕೂ ಐದೈದು ಅಕ್ಷರದ ಹೆಸರು, ತೂಕ, ಮೊತ್ತ. ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಆ ತಾರೀಕಿನಲ್ಲಿ ಆ ಜೆಟ್ ಹ್ಯಾಂಗರಿನಲ್ಲಿ ಇಂಜಿನ್ ಕೆಲಸಕ್ಕೆ ನಿಂತಿತ್ತು. ನೋಂದಣಿಯ ಕೊನೇ ಅಕ್ಷರ ಯಾರೋ ತಪ್ಪಾಗಿ ಟೈಪ್ ಮಾಡಿದ್ದರು, ಅಷ್ಟೇ. ಹ್ಯಾಂಗರಿನ ಕಾಗದ, ಆ ದಿನದ ದಾಖಲೆ ಎಲ್ಲ ಜೋಡಿಸಿ ಮೇಲ್ ಹಾಕಿದೆ. ಉತ್ತರ ಇಲ್ಲ. ಮತ್ತೆ ಹಾಕಿದೆ. ಆಮೇಲೆ ಅದೇ ಬಿಲ್ ಬಡ್ಡಿ ಸೇರಿಸಿಕೊಂಡು ಬಂತು. ಆಷಾಢದ ಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಮೇಲೆ ಕೂತು ಅವರ ಫೋನಿಗೆ ಕಾಯುತ್ತಿದ್ದಾಗ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಕೊನೆಗೆ ರದ್ದು ಮಾಡಿದರು, ಆದರೆ ತಿಂಗಳುಗಟ್ಟಲೆ ಹಿಡಿಯಿತು.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದರೆ, ಬಾಕಿ ಉಳಿದರೆ ವಿಮಾನವನ್ನೇ ಹಿಡಿದಿಟ್ಟುಕೊಳ್ಳಬಹುದು. ಬ್ರಿಟನ್ನಿನ ಕಾನೂನಿನಲ್ಲಿ ಬಾಕಿಗಾಗಿ ವಿಮಾನ ತಡೆದು, ಕೊನೆಗೆ ಮಾರುವ ಅಧಿಕಾರವೂ ಇದೆ. ಬಾಕಿ ಮಾಡಿದ್ದು ಬಾಡಿಗೆಗೆ ತಗೊಂಡವನು, ಕಳಕೊಳ್ಳೋದು ಮಾಲೀಕ, ಹಾಗೂ ಆಗಬಹುದು.

ಈಗ ನನಗೆ ನಿಜಕ್ಕೂ ಬೇಜಾರು ತರುವ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಕೂಲಿ ಅನ್ನೋದು ಕಾಗದದಲ್ಲಿ ಚೆನ್ನಾಗಿದೆ. ಆದರೆ ಭೂಪಟದಲ್ಲಿ ಒಳ್ಳೇ ಜಾಗದಲ್ಲಿರುವ ದೇಶಕ್ಕೆ ತನ್ನ ಜಾಗವನ್ನೇ ಮಾರುವ ಆಸೆ ಬರುತ್ತದೆ. ರಷ್ಯಾ ಸೋವಿಯತ್ ಕಾಲದಿಂದಲೂ ಹಾಗೇ ಮಾಡಿತು. ಯುರೋಪಿನಿಂದ ಜಪಾನ್, ಚೀನಾ, ಕೊರಿಯಾಕ್ಕೆ ಹತ್ತಿರದ ದಾರಿ ಸೈಬೀರಿಯಾದ ಮೇಲೆ. ಮಾಮೂಲಿ ಚಾರ್ಜ್ ಅಲ್ಲದೆ ಇನ್ನೊಂದು ದೊಡ್ಡ ಮೊತ್ತವನ್ನೂ ಯುರೋಪಿನ ಕಂಪನಿಗಳು ಕಟ್ಟಬೇಕಿತ್ತು, ಅದರಲ್ಲಿ ಬಹುಪಾಲು ಹೋಗುತ್ತಿದ್ದದ್ದು ರಷ್ಯಾದ್ದೇ ವಿಮಾನ ಕಂಪನಿ ಏರೋಫ್ಲೋಟ್‌ಗೆ. ಅಂದರೆ ನಿಮ್ಮ ಪ್ರತಿಸ್ಪರ್ಧಿಗೇ ನೀವು ದುಡ್ಡು ಕೊಟ್ಟು ಹಾರಬೇಕು. ವರ್ಷಕ್ಕೆ 30 ಕೋಟಿ ಯೂರೊಗೂ ಮೀರಿದ ಲೆಕ್ಕ ಅದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನವರಿಗೆ ಆ ಆಕಾಶವೇ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಲೆಂಡಿನ ಫಿನ್‌ಏರ್ ಈಗ ಸುಮಾರು ಹದಿಮೂರು ಗಂಟೆ ಹಾರುತ್ತದೆ.

ಅಫ್ಘಾನಿಸ್ತಾನದ ಕತೆ ಇನ್ನೂ ವಿಚಿತ್ರ. 2021ರ ಆಗಸ್ಟಿನಲ್ಲಿ ಕಾಬೂಲ್ ಕೈ ಬದಲಾದಾಗ ಮೇಲಿನ ಆಕಾಶ ನೋಡಿಕೊಳ್ಳುವ ಕಂಟ್ರೋಲರ್‌ಗಳೇ ಇಲ್ಲದಂತಾಯಿತು. ಪೈಲಟ್‌ಗಳು ತಾವೆಲ್ಲಿದ್ದೇವೆ ಅಂತ ಒಂದೇ ಫ್ರೀಕ್ವೆನ್ಸಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ದಾಟಬೇಕು. ಆಮೇಲೆ ಕಂಪನಿಗಳು ಒಂದೊಂದಾಗಿ ಆ ದಾರಿಗೆ ವಾಪಸ್ ಬಂದವು. ಚಾರ್ಜ್ ಮಾತ್ರ ಒಂದು ಸಲ ದಾಟಿದ್ದಕ್ಕೆ 700 ಡಾಲರ್! ರೇಡಿಯೋದಲ್ಲಿ ಮಾತಾಡುವವರಿಲ್ಲದ ಆಕಾಶಕ್ಕೆ ಯಾವ ಕೆಲಸದ ಕೂಲಿ ಅದು?

ಇದೇ ದುಡ್ಡಿನಿಂದ ಒಳ್ಳೇದೂ ಆಗಿದೆ. ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರ ಬಿದ್ದುಹೋಯಿತು, ಆಕಾಶ ನೋಡಿಕೊಳ್ಳುವವರು ಇಲ್ಲ. 1996ರಿಂದ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯೇ ನೈರೋಬಿಯಲ್ಲಿ ಕೂತು ಆ ಆಕಾಶ ನಡೆಸಿತು, ಖರ್ಚಿಗೆ ಅಲ್ಲಿ ದಾಟುವ ವಿಮಾನಗಳ ಚಾರ್ಜೇ ಆಧಾರ. 2017ರ ಕೊನೆಗೆ ಅಧಿಕಾರ ಮೊಗದಿಶುಗೆ ವಾಪಸ್ ಹೋಯಿತು. 2023ರ ಜನವರಿಯಿಂದ ಅಲ್ಲಿ ಮತ್ತೆ ಪೂರ್ತಿ ಕಂಟ್ರೋಲ್ ಇರುವ ಆಕಾಶ. ನೆಲದ ಮೇಲೆ ಸರ್ಕಾರವೇ ಇಲ್ಲದ ವರ್ಷಗಳಲ್ಲೂ ಅಲ್ಲಿ ಹಾರುವವರ ಜತೆ ರೇಡಿಯೋದಲ್ಲಿ ಮಾತಾಡುವವರು ಇದ್ದರು. ಒಂದು ಸಣ್ಣ ಬಿಲ್ಲಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಕತೆ ತಿಳಿದ ಮೇಲೆ.

ನಮ್ಮ ದೇಶದಲ್ಲಿ ಈ ಚಾರ್ಜ್ ತಗೊಳ್ಳೋದು ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ. ನಮ್ಮ ತಲೆ ಮೇಲಿನ ಆಕಾಶ ಚೆನ್ನೈ ವಲಯಕ್ಕೆ ಸೇರಿದ್ದು. ದೇಶದೊಳಗೇ ಹಾರುವ ವಿಮಾನಗಳೂ ಈ ನ್ಯಾವಿಗೇಷನ್ ಚಾರ್ಜ್ ಕಟ್ಟುತ್ತವೆ. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಮಾಡಿದ ಉಡಾನ್ ಯೋಜನೆಯ ಮಾರ್ಗಗಳಿಗೆ ಮಾತ್ರ ಮಾಮೂಲಿ ದರದ ಶೇ. 42.5 ಅಂತ ಇಟ್ಟಿದ್ದಾರೆ. ಶಿವಮೊಗ್ಗದ ಸೋಗಾನೆಯಂಥ ಹೊಸ ನಿಲ್ದಾಣಗಳಿಗೆ ವಿಮಾನ ಬರಬೇಕಾದರೆ ಇಂಥ ರಿಯಾಯಿತಿ ಬೇಕೇ ಬೇಕು.

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳು ಅಮೆರಿಕದಲ್ಲಿ, ಯುರೋಪಿನಲ್ಲಿ. ಅಡಿಕೆ ಕೊಯ್ಲು ಮುಗಿಸಿ ಅಪ್ಪ ಅಮ್ಮ ಮೊಮ್ಮಗುವನ್ನು ನೋಡೋಕೆ ಹೊರಡುತ್ತಾರೆ. ದಾರಿ ಸುತ್ತಾಗಿ ಮಂಡಿ ನೋವಿನವರು ವಿಮಾನದಲ್ಲಿ ಎರಡು ಗಂಟೆ ಜಾಸ್ತಿ ಕೂರೋದು ಅಂದರೆ ಸಣ್ಣ ಮಾತಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ಆಕಾಶ ಮುಚ್ಚಿದಾಗ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟ ಆಯಿತು ಅಂತ ಆಗಿನ ಸಚಿವ ಹರದೀಪ್ ಸಿಂಗ್ ಪುರಿ ರಾಜ್ಯಸಭೆಗೆ ತಿಳಿಸಿದ್ದರು. 2025ರ ಏಪ್ರಿಲ್ 24ರಿಂದ ಮತ್ತೆ ಭಾರತದ ವಿಮಾನಗಳಿಗೆ ಮುಚ್ಚಿದರು, ತಿಂಗಳು ತಿಂಗಳು ಮುಂದುವರಿಸುತ್ತಾ ಬಂದರು. ಎರಡು ತಿಂಗಳ ಮೇಲೆ ಒಂದು ವಾರಕ್ಕೇ ಓವರ್‌ಫ್ಲೈಟ್ ಆದಾಯದಲ್ಲಿ 410 ಕೋಟಿ ಪಾಕಿಸ್ತಾನಿ ರೂಪಾಯಿ ಹೋಯಿತು ಅಂತ ಅಲ್ಲಿನ ಸಂಸತ್ತಿಗೇ ಹೇಳಿದ್ದಾರೆ. ಒಬ್ಬರಿಗೆ ಚಾರ್ಜ್ ಹೋಯಿತು, ಇನ್ನೊಬ್ಬರಿಗೆ ಇಂಧನ ಹೋಯಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು.

ಭಾವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಪಾಕಿಸ್ತಾನ ಈ ನಿರ್ಬಂಧ ಹಾಕಿದ್ದು ನಮ್ಮ ದೇಶದ ಕಂಪನಿಗಳಿಗೆ, ಬೇರೆ ದೇಶದ ಕಂಪನಿಗಳಿಗಲ್ಲ. ಹಿರಿಯರಿಗೆ ಟಿಕೆಟ್ ಮಾಡುವ ಮುಂಚೆ ಫ್ಲೈಟ್ ಟ್ರ್ಯಾಕಿಂಗ್ ಆ್ಯಪಿನಲ್ಲಿ ಆ ಫ್ಲೈಟ್ ನಂಬರ್ ಹಾಕಿ, ಹಿಂದಿನ ಕೆಲವು ದಿನ ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹೊತ್ತು ಹಾರಿತು, ನಡುವೆ ಎಲ್ಲಾದರೂ ಇಳಿಯಿತಾ ಅಂತ ನೋಡಿ. ದೆಹಲಿ ಮೇಲೆ ಹೋಗೋದಕ್ಕಿಂತ ಬೆಂಗಳೂರಿನಿಂದ ಗಲ್ಫ್ ಕಡೆಗೆ ಹೋಗಿ ಅಲ್ಲಿ ವಿಮಾನ ಬದಲಿಸೋದು ವಾಸಿ ಅನ್ನಿಸಬಹುದು, ಅರಬ್ಬೀ ಸಮುದ್ರದ ಮೇಲಿನ ಆ ದಾರಿಗೆ ಪಾಕಿಸ್ತಾನದ ನೆಲ ಅಡ್ಡ ಬರೋದಿಲ್ಲ. ವೀಲ್‌ಚೇರ್ ಬೇಕಾದರೆ ಟಿಕೆಟ್ ಜತೆಗೇ ಬರೆಸಿಬಿಡಿ, ಗಲ್ಫಿನ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡಿಗೆ ಜಾಸ್ತಿ.